ಹದಿನೇಳನೇ ಟಗರಿನ ಕಿವಿ

“ಅದು ರಕ್ತ ಕಣಮ್ಮ, ಮುಟ್ಟಬ್ಯಾಡ,” ಅಂದ ದೊಡ್ಡಿ ಕಾಯುವ ಮರುಳಪ್ಪ ಮಾವ.

ನಾನು ಮುಟ್ಟಿದೆ. ಬೇರೆಯವರು ಬೇಡ ಅನ್ನುವುದನ್ನು ಮುಟ್ಟಿಯೇ ಸಂಬಳ ತೆಗೆದುಕೊಳ್ಳುವವಳು ನಾನು.

ಸುಣ್ಣ ಬಳಿದ ಕಲ್ಲುಚಪ್ಪಡಿಯ ಗೋಡೆ. ನೆಲದಿಂದ ಗೇಣು ಎತ್ತರದಲ್ಲಿ ಏಳೆಂಟು ಕಡೆ ಇಟ್ಟಿಗೆ ಬಣ್ಣದ ಕಲೆ. ಯಾರೋ ಬೂದಿ ಹಾಕಿ ತಿಕ್ಕಿದ್ದರು. ಕಲೆ ಹೋಗಿರಲಿಲ್ಲ, ಇನ್ನಷ್ಟು ಹರಡಿತ್ತು.

“ಯಾವ ಟಗರಿಗೆ ಗಾಯ ಆಗೈತೆ ಮಾವ?”

“ಯಾವುದೋ ಒಂದಕ್ಕೆ. ಟಗರಲ್ವಾ, ಗುದ್ದಾಡ್ತವೆ.”

“ಗುದ್ದಾಡಿದ್ರೆ ನೆತ್ತಿಗೆ ತಾನೆ ಪೆಟ್ಟಾಗೋದು? ಇದು ಗೇಣು ಎತ್ತರದಾಗೈತೆ.”

ಮಾವ ಹುರುಳಿ ಹೊಟ್ಟಿನ ಮೊರ ಎತ್ತಿಕೊಂಡು ಕೇರತೊಡಗಿದ. ಆ ಹೊಟ್ಟನ್ನು ನಾನು ಬರುವ ಮೊದಲೇ ಒಂದು ಸಲ ಕೇರಿಯಾಗಿತ್ತು.

ಹಿಂದಿನ ದಿನ ಹಿಂದೂಪುರದ ನನ್ನ ಲ್ಯಾಬಿನಲ್ಲಿ ಹದಿನೇಳನೇ ನಂಬರಿನ ಟಗರಿನ ಹಿಕ್ಕೆಯಲ್ಲಿ ಒಂದೇ ಒಂದು ಹುಳದ ಮೊಟ್ಟೆಯೂ ಸಿಗಲಿಲ್ಲ. ಅದಕ್ಕೇ ಅವತ್ತು ಗುರುವಾರ ಬೆಳಗಿನ ಮೊದಲ ಬಸ್ಸು ಹಿಡಿದು ಕಲ್ಯಾಣದುರ್ಗಕ್ಕೆ, ಅಲ್ಲಿಂದ ಕುಂದುರ್ಪಿ ಬಸ್ಸಿನಲ್ಲಿ ಈ ಕುರಿ ಸಂಘದ ದೊಡ್ಡಿಗೆ ಬಂದು ಇಳಿದಿದ್ದೆ.

ಇದೆಲ್ಲ ಎಂಬತ್ತಮೂರನೇ ಇಸವಿಯ ಮಾತು. ಆಗ ಕಲ್ಯಾಣದುರ್ಗದ ಬಸ್ಸಿನಲ್ಲಿ ಕಂಡಕ್ಟರ್ ತೆಲುಗಿನಲ್ಲಿ ಗದರಿಸಿ ಕನ್ನಡದಲ್ಲಿ ಚಿಲ್ಲರೆ ಕೊಡುತ್ತಿದ್ದ. ಕಿಟಕಿಯಿಂದ ಹುರಿದ ಕಡಲೆಕಾಯಿಯ ವಾಸನೆ ಬರುತ್ತಿತ್ತು. ನನ್ನ ಚೀಲ ನೋಡಿ ಹೆಂಗಸರು ಪಕ್ಕಕ್ಕೆ ಸರಿಯುತ್ತಿದ್ದರು. ಅದರೊಳಗೆ ಏನಿರುತ್ತದೆ ಅಂತ ಆ ದಾರಿಗೆಲ್ಲ ಗೊತ್ತಿತ್ತು. ನನ್ನ ಹೆಸರು ಗಂಗಾದೇವಿ. ಊರವರ ಬಾಯಲ್ಲಿ ಮಾತ್ರ ನಾನು ಹಿಕ್ಕೆ ಗಂಗಮ್ಮ.

ಹಿಕ್ಕೆಯನ್ನು ಅರೆದು ಉಪ್ಪುನೀರಿನಲ್ಲಿ ಕಲಸಿದರೆ ಹುಳದ ಮೊಟ್ಟೆಗಳು ಮೇಲಕ್ಕೆ ತೇಲುತ್ತವೆ. ಅವನ್ನು ಮೈಕ್ರೋಸ್ಕೋಪಿನಲ್ಲಿ ಎಣಿಸುವುದು ನನ್ನ ಕೆಲಸ. ಕುರಿಯ ಹೊಟ್ಟೆಯೊಳಗೆ ಕೂತು ರಕ್ತ ಹೀರುವ ಹುಳ ಅದು. ಮಳೆ ಹೆಚ್ಚಾದ ವರ್ಷ ಮಂದೆಗೆ ಮಂದೆಯನ್ನೇ ಮುಗಿಸುತ್ತದೆ.

ಆ ವರ್ಷ ಸಂಘದವರು ಇಪ್ಪತ್ತು ಟಗರುಗಳನ್ನು ಇಪ್ಪತ್ತು ಮನೆಗಳಿಂದ ತಂದು ಈ ದೊಡ್ಡಿಯಲ್ಲಿ ಕೂಡಿದ್ದರು. ಮೂರು ತಿಂಗಳು ಯಾವುದಕ್ಕೂ ಹುಳದ ಮದ್ದು ಇಲ್ಲ. ಎಲ್ಲವೂ ಒಂದೇ ಹುಲ್ಲು ಮೇಯಬೇಕು. ಮದ್ದಿಲ್ಲದೆ ಯಾವುದರ ಮೈ ತಾನೇ ಹುಳವನ್ನು ತಡೆಯುತ್ತದೋ ಆ ಟಗರನ್ನು ಹನ್ನೆರಡು ಹಳ್ಳಿಯ ಮಂದೆಗಳಿಗೆ ಬಿಡಬೇಕು. ಅದರ ಮರಿಗಳಿಗೂ ಆ ಗುಣ ಬರುತ್ತದೆ. ಉಳಿದವು ಕಟುಕರ ಲಾರಿಗೆ.

ಮೊಟ್ಟೆ ಹೆಚ್ಚಿದ್ದವನ್ನು ಒಯ್ಯಲು ಲಾರಿ ಬರುವುದು ಶುಕ್ರವಾರ. ಮಿಕ್ಕವುಗಳಲ್ಲಿ ಆಯ್ಕೆ ಶನಿವಾರ.

ನನ್ನ ಪುಸ್ತಕದಲ್ಲಿ ಎರಡು ಟಗರುಗಳ ಮೊಟ್ಟೆಯ ಅಂಕಿಗಳು ಹೀಗಿದ್ದವು. ಬೀರಕ್ಕನ ಟಗರು, ನಂಬರು ಒಂಬತ್ತು: ಇನ್ನೂರು, ಇನ್ನೂರೈವತ್ತು, ಇನ್ನೂರು, ಕೊನೆಗೆ ಏಕಾಏಕಿ ಮೂರು ಸಾವಿರದ ನೂರು. ಸಂಘದ ಅಧ್ಯಕ್ಷ ಚೌಡಣ್ಣನ ಟಗರು, ನಂಬರು ಹದಿನೇಳು: ಸಾವಿರದ ಎಂಟುನೂರು, ಎರಡು ಸಾವಿರದ ನಾನೂರು, ಮೂರು ಸಾವಿರ, ಕೊನೆಗೆ ಸೊನ್ನೆ.

ಈ ಪರೀಕ್ಷೆ ನಡೆಸುತ್ತಿದ್ದ ಡಾಕ್ಟರ್ ತಿಪ್ಪೇರುದ್ರಪ್ಪನವರಿಗೆ ನಾನು ಹಿಂದಿನ ದಿನ ಫೋನಿನಲ್ಲಿ ಅಂಕಿ ಓದಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. “ಹದಿನೇಳರ ಮೈ ಕೊನೆಗೂ ಹುಳವನ್ನು ಗೆದ್ದಿದೆ. ಒಂಬತ್ತಕ್ಕೆ ಬೀರಕ್ಕ ಮೊದಲಿಂದಲೂ ಯಾರ ಕೈಯಲ್ಲೋ ಕದ್ದು ಮದ್ದು ಕುಡಿಸಿರಬೇಕು, ಈಗ ಅದು ಇಳಿದಿದೆ,” ಅಂದಿದ್ದರು.

ನನಗೆ ಸೊನ್ನೆ ಕಂಡರೆ ಆಗುವುದಿಲ್ಲ. ಹುಳ ತಡೆಯುವ ಟಗರೆಂದರೆ ಹುಳವೇ ಇಲ್ಲದ ಟಗರಲ್ಲ, ಹುಳವನ್ನು ಹದ್ದುಬಸ್ತಿನಲ್ಲಿ ಇಟ್ಟ ಟಗರು. ಅದರಲ್ಲೂ ನೂರೋ ಇನ್ನೂರೋ ಮೊಟ್ಟೆ ಇದ್ದೇ ಇರುತ್ತದೆ. ಸೊನ್ನೆ ಬರುವುದು ಮದ್ದು ಬಿದ್ದಾಗ.

“ಹದಿನೇಳನ್ನು ಹಿಡ್ಕೊಂಡು ಬಾ ಮಾವ. ಒಂಬತ್ತನ್ನೂ.”

ಮಾವನಿಗೆ ಅಕ್ಷರ ಬಾರದು, ಅಂಕಿಯೂ ಬಾರದು. ಆದ್ದರಿಂದ ಕಿವಿಯ ಬಿಲ್ಲೆ ಓದಿ ಎರಡನ್ನೂ ನಾನೇ ಬೆರಳು ಮಾಡಿ ತೋರಿಸಿದೆ. ಎರಡೂ ಕರಿ ಮೈಯ, ಬಿಳಿ ನೆತ್ತಿಯ ಟಗರು. ನನ್ನ ಕಣ್ಣಿಗೆ ಅಣ್ಣತಮ್ಮಂದಿರು.

ಹದಿನೇಳರ ತೊಡೆಯ ಒಳಗಿನ ಉಣ್ಣೆ ಕೆಂಪಾಗಿತ್ತು. ಗೋಡೆಯದೇ ಬಣ್ಣ. ಮೈಯಲ್ಲಿ ಎಲ್ಲೂ ಗಾಯವಿರಲಿಲ್ಲ. ಕಿವಿಗೆ ಮಾತ್ರ ಬೇವಿನೆಣ್ಣೆ ಮೆತ್ತಿತ್ತು.

“ನೊಣ ಕೂರ್ತಿತ್ತು, ಅದ್ಕೆ ಹಚ್ದೆ,” ಅಂದ ಮಾವ.

ಕಣ್ಣುರೆಪ್ಪೆಯನ್ನು ಹೆಬ್ಬೆರಳಿನಿಂದ ಕೆಳಕ್ಕೆ ಎಳೆದೆ. ಒಳಗೆ ಒಳ್ಳೆ ದಾಳಿಂಬೆ ಬಣ್ಣ. ಒಂಬತ್ತರದನ್ನೂ ಎಳೆದು ನೋಡಿದೆ. ಅದು ಸುಣ್ಣದ ಹಾಗೆ ಬಿಳಚಿಕೊಂಡಿತ್ತು. ಗದ್ದದ ಕೆಳಗೆ ನೀರು ತುಂಬಿ ಜೋತುಬಿದ್ದಿತ್ತು. ಹುಳ ತಿಂಗಳುಗಟ್ಟಲೆ ಹೀರಿದ ಗುರುತು.

ಇಲ್ಲೊಂದು ಸಿಕ್ಕು ಇತ್ತು. ಮದ್ದು ಹುಳವನ್ನು ಮೂರು ದಿನದಲ್ಲಿ ಕೊಲ್ಲುತ್ತದೆ, ಸರಿ. ಆದರೆ ಹೋದ ರಕ್ತವನ್ನು ಒಂದು ವಾರದಲ್ಲಿ ತಂದುಕೊಡುವುದಿಲ್ಲ. ಮೂರು ತಿಂಗಳಿಂದ ಸಾವಿರಗಟ್ಟಲೆ ಹುಳ ಹೊತ್ತ ಹದಿನೇಳರ ಕಣ್ಣು ಇಷ್ಟು ಕೆಂಪಗೆ ಹೇಗೆ? ಅಲ್ಲಿಯವರೆಗೆ ಚೆನ್ನಾಗಿದ್ದ ಒಂಬತ್ತು ಒಂದೇ ಪಕ್ಷದಲ್ಲಿ ಇಷ್ಟು ಬಿಳಚಿಕೊಂಡದ್ದು ಹೇಗೆ?

ಅದನ್ನು ಅಲ್ಲಿಗೇ ಬಿಟ್ಟು ಕೆಂಪು ಕಲೆಗೆ ವಾಪಸ್ಸು ಬಂದೆ. ಯಾಕೆಂದರೆ ಆ ಬಣ್ಣ ನನಗೆ ಗೊತ್ತಿತ್ತು. ನನ್ನ ಬಾಲ್ಯದ ಬಣ್ಣ ಅದು.

ನನ್ನಪ್ಪ ಪೆದ್ದಣ್ಣ ಪಶು ಆಸ್ಪತ್ರೆಯ ಸ್ಟಾಕ್‌ಮನ್. ಸೈಕಲ್ಲಿನ ಹಿಂದೆ ಒಂದು ತಗಡಿನ ಡಬ್ಬಿ ಕಟ್ಟಿಕೊಂಡು ಬ್ರಹ್ಮಸಮುದ್ರ, ಕುಂದುರ್ಪಿ ಅಂತ ಊರೂರು ಸುತ್ತುತ್ತಿದ್ದ. ಬೇಸಿಗೆ ರಜೆಯಲ್ಲಿ ಮುಂದಿನ ಕಂಬಿಯ ಮೇಲೆ ನಾನು. ಡಬ್ಬಿಯೊಳಗೆ ಹುಳದ ಮದ್ದಿನ ಹಸಿರು ಪುಡಿ. ಕುರುಬರು ಅದನ್ನು ಪಚ್ಚಮಂದು, ಅಂದರೆ ಹಸಿರು ಮದ್ದು, ಅನ್ನುತ್ತಿದ್ದರು. ನೀರಿನಲ್ಲಿ ಕಲಸಿ, ಓರೆಯಾಗಿ ಕೊಯ್ದ ಬಿದಿರಿನ ಗೊಟ್ಟದಲ್ಲಿ ತುಂಬಿ, ಕುರಿಯನ್ನು ಎರಡು ಕಾಲುಗಳ ನಡುವೆ ಇರುಕಿಕೊಂಡು ಬಾಯಿಯ ಮೂಲೆಯಿಂದ ಸುರಿಯುತ್ತಿದ್ದ. ಹಿಡಿದುಕೊಳ್ಳುತ್ತಿದ್ದವನು ಇದೇ ಮರುಳಪ್ಪ ಮಾವ. ಆಗ ಅವನ ಮೀಸೆ ಕರ್ರಗಿತ್ತು.

ಪಚ್ಚಮಂದು ಕುಡಿದ ಮಾರನೇ ದಿನ ಕುರಿಗಳ ಮೂತ್ರಕ್ಕೆ ಗಾಳಿ ತಾಗಿದ್ದೇ ತಡ, ಕೆಂಪಾಗುತ್ತಿತ್ತು. ಹಟ್ಟಿಯ ನೆಲವೆಲ್ಲ ಕೆಂಪು. ನಾನು ಹೆದರಿ ಅತ್ತರೆ ಅಪ್ಪ, “ಕುರಿ ಎಲೆಅಡಿಕೆ ಹಾಕ್ಕೊಂಡು ಉಗುಳೈತೆ ಕಣೆ,” ಅಂತ ನಗಿಸುತ್ತಿದ್ದ. ಎಷ್ಟೋ ವರ್ಷ ನಾನದನ್ನು ನಂಬಿದ್ದೆ. ಈಗಲೂ ನಂಬಬೇಕು ಅನ್ನಿಸುತ್ತದೆ.

ಸಂಜೆ ಅವನು ಕಲ್ಲಿನ ಮೇಲೆ ಹಿತ್ತಾಳೆ ಬಿಲ್ಲೆ ಇಟ್ಟು ಅಂಕಿಯ ಅಚ್ಚುಗಳನ್ನು ಸುತ್ತಿಗೆಯಿಂದ ಹೊಡೆಯುತ್ತ ಕೂರುತ್ತಿದ್ದ. ಆ ಠಣ್ ಠಣ್ ಕೇಳುತ್ತ ನಾನು ಕಂಬಳಿಯ ಮೇಲೆ ನಿದ್ದೆಹೋಗುತ್ತಿದ್ದೆ. ಏಳರ ಅಚ್ಚು ಒಮ್ಮೆ ಬ್ರಹ್ಮಸಮುದ್ರದಲ್ಲಿ ಒರಳಿನ ಮೇಲೆ ಬಿದ್ದು ತಲೆಯ ಗೆರೆಯ ತುದಿ ಮುರಿದಿತ್ತು. ಅಪ್ಪ ಹೊಸದು ತರಿಸಲಿಲ್ಲ. ಅವನು ಹೊಡೆದ ಏಳಕ್ಕೆಲ್ಲ ಮೂಗು ಮೊಂಡು.

ಅಪ್ಪ ಹೋಗಿ ಆಗ ಎರಡು ವರ್ಷ. ತಿಥಿಯ ದಿನ ಅಮ್ಮ ಶಿವಲಕ್ಷ್ಮಮ್ಮ ಅವನ ಸಾಮಾನನ್ನು ಜಗುಲಿಯ ಮೇಲೆ ಹರಡಿ, ಕೆಲಸ ಮಾಡಿದ ವಸ್ತು ಕೆಲಸ ಬಲ್ಲವರ ಕೈಗೇ ಹೋಗಬೇಕು ಅಂತ ಹಂಚಿದಳು. ಅಚ್ಚಿನ ಪೆಟ್ಟಿಗೆ ಡಾಕ್ಟರ್ ತಿಪ್ಪೇರುದ್ರಪ್ಪನವರಿಗೆ. ಅವರು ಹೊಸದಾಗಿ ನೌಕರಿಗೆ ಬಂದಾಗ ಕುರಿ ಹಿಡಿಯಲು ಕಲಿಸಿದ್ದೇ ಅಪ್ಪ. ಪೆಟ್ಟಿಗೆ ಎದೆಗೊತ್ತಿಕೊಂಡು ಅತ್ತರು. ಗೊಟ್ಟ ನನಗೆ. ಹಸಿರು ಪುಡಿಯ ಡಬ್ಬಿ ಮರುಳಪ್ಪ ಮಾವನಿಗೆ.

ಇದು ನೆನಪಾಗಿ ಮಾವನ ಕಡೆ ತಿರುಗಿದೆ.

ಅಷ್ಟರಲ್ಲಿ ಹೊರಗೆ ಮೋಟಾರು ಬೈಕು ನಿಂತಿತು. ಚೌಡಣ್ಣ. ಬಿಳಿ ಪಂಚೆ, ಕೈಯಲ್ಲಿ ಎಳನೀರು.

“ಏಮಮ್ಮಾ, ಅಷ್ಟು ದೂರದಿಂದ ಬಂದಿದೀಯ. ಕುಡಿ. ನನ್ನ ಟಗರಿಗೆ ಸೊನ್ನೆ ಬಂತಂತೆ?”

“ಯಾರು ಹೇಳಿದ್ರು?”

“ಡಾಕ್ಟ್ರು. ನಿನ್ನೆ ಸಾಯಂಕಾಲಾನೇ.”

“ಸೊನ್ನೆ ಬರಬಾರದು ಚೌಡಣ್ಣ. ಯಾರೋ ಮದ್ದು ಹಾಕಿದಾರೆ.”

ಅವನು ಸಿಟ್ಟಾಗಲಿಲ್ಲ, ನಕ್ಕ. “ನಾನಾ? ಹಾಕಂಗಿದ್ರೆ ಮೊದಲನೇ ದಿನಾನೇ ಹಾಕ್ತಿದ್ದೆ. ಮೂರು ಸಲ ಸಾವಿರ ಸಾವಿರ ಅಂತ ಬರೆಸ್ಕೊಂಡು ಊರಾಗೆ ತಲೆ ತಗ್ಗಿಸಿ ತಿರುಗಾಡ್ತಿದ್ನಾ?”

ಅವನ ಮಾತಿನಲ್ಲಿ ಹುರುಳಿತ್ತು. ಇನ್ನೊಂದು ವಿಷಯ ಅವನು ಹೇಳದೆಯೇ ನನಗೆ ಗೊತ್ತಿತ್ತು. ಚಿಲಮತ್ತೂರಿನಲ್ಲಿ ಅವನ ಅಳಿಯನದೇ ಮದ್ದಿನಂಗಡಿ. ಅಲ್ಲಿ ಬಿಳಿ ಮದ್ದಿನ ಹೊಸ ಬಾಟಲಿಗಳ ಸಾಲೇ ಇದೆ. ಅದನ್ನು ಕುಡಿಸಿದರೆ ಮೂತ್ರ ಕೆಂಪಾಗುವುದಿಲ್ಲ, ಗೋಡೆಗೆ ಬೂದಿ ತಿಕ್ಕುವ ಕೆಲಸವೂ ಇಲ್ಲ. ಪಚ್ಚಮಂದು ಅಂಗಡಿಗಳಿಂದ ಮಾಯವಾಗಿ ಎಂಟು ಹತ್ತು ವರ್ಷವೇ ಆಗಿತ್ತು. ದುಡ್ಡಿರುವವನು ಅದನ್ನು ಹುಡುಕಿಕೊಂಡು ಹೋಗುವುದಿಲ್ಲ. ಹಳೆಯ ಡಬ್ಬಿಯನ್ನು ಅಟ್ಟದ ಮೇಲೆ ಜೋಪಾನ ಮಾಡಿದವನು ಮಾತ್ರ ಅದನ್ನು ಹಾಕುತ್ತಾನೆ.

ಚೌಡಣ್ಣ ಎಳನೀರು ಚಪ್ಪಡಿಯ ಮೇಲೆ ಇಟ್ಟು ಹೊರಟುಹೋದ. ನಾನು ಕುಡಿಯಲಿಲ್ಲ. ಬಾಯಾರಿಕೆ ಮಾತ್ರ ವಿಪರೀತ ಇತ್ತು.

ಗೇಟಿನ ಆಚೆ ಹೊಂಗೆಮರದ ಕೆಳಗೆ ಬೀರಕ್ಕ ಉಣ್ಣೆ ನೂಲುವ ಕದರು ತಿರುಗಿಸುತ್ತ ಕೂತಿದ್ದಳು. ಐವತ್ತು ದಾಟಿದ ವಿಧವೆ. ಟಗರಿನ ಒಡೆಯರು ಪರೀಕ್ಷೆ ಮುಗಿಯುವ ತನಕ ಒಳಗೆ ಕಾಲಿಡಬಾರದು ಅನ್ನುವುದು ಸಂಘದ ಕಟ್ಟಳೆ. ಮೂರು ತಿಂಗಳಿಂದ ಅವಳು ತನ್ನ ಟಗರಿನ ಮುಖ ನೋಡಿರಲಿಲ್ಲ. ಗೇಟಿನ ತಗಡು ಅವಳ ತಲೆಗಿಂತ ಎತ್ತರ.

“ನನ್ನ ದೊರೆ ಎಂಗವ್ನೆ ಗಂಗಮ್ಮ?” ಅಂದಳು. ದೊರೆ ಅಂದರೆ ಅವಳ ಟಗರು.

ಗದ್ದದ ಕೆಳಗೆ ನೀರು ತುಂಬಿದ ಒಂಬತ್ತು ಕಣ್ಣಮುಂದೆ ಬಂತು. “ಸ್ವಲ್ಪ ಸೊರಗೈತೆ ಅಕ್ಕ.”

“ಸೊರಗಾಕಿಲ್ಲ ಅದು. ನಮ್ಮ ಅತ್ತೆ ಕಾಲದಿಂದ ಬಂದ ತಳಿ ಕಣಮ್ಮ. ಬೀರಪ್ಪನ ಹೆಸರಿಗೆ ಬಿಟ್ಟ ಟಗರಿಗೆ ನಾವು ಮಂದು ಮುಟ್ಟಿಸಾಕಿಲ್ಲ. ಮಂದಿಲ್ಲದೆ ಬದುಕಿದ್ದೇ ತಳಿಗೆ. ಸತ್ತದ್ದು ಸತ್ತೋಯ್ತು. ನಾಲ್ಕು ತಲೆ ಇಂಗೇ ಬಂದೈತೆ. ಆ ದೊಡ್ಡ ಮಳೆ ವರ್ಷ ಊರಾಗಿನ ಮಂದೆಯೆಲ್ಲ ಮಲಗ್ತು, ನಮ್ಮದ್ರಾಗೆ ಎರಡೇ ಹೋಗಿದ್ದು.”

ನಾವು ಪುಸ್ತಕ ಓದಿ, ಮೈಕ್ರೋಸ್ಕೋಪು ಇಟ್ಟು, ಮೂರು ತಿಂಗಳ ಪರೀಕ್ಷೆ ಅಂತ ಮಾಡುತ್ತಿದ್ದದ್ದನ್ನು ಅವಳ ಅತ್ತೆ ದೇವರ ಹೆಸರಿನಲ್ಲಿ ಮೊದಲೇ ಮಾಡಿ ಮುಗಿಸಿದ್ದಳು.

“ಈಗ ನಾನು ಕದ್ದು ಮಂದು ಹಾಕ್ದೆ ಅಂತವ್ರೆ,” ಅಂದಳು ಬೀರಕ್ಕ. ಕದರು ನಿಂತಿತು. “ದೇವರ ತಳಿಗೆ ಮಂದು ಹಾಕಿದ ಹೆಂಗಸು ಅಂತ ನನ್ನ ಹಟ್ಟಿಯೋರೇ ನಿನ್ನೆ ರಾತ್ರಿಯಿಂದ ನೀರು ಕೊಡ್ತಾ ಇಲ್ಲ. ನಾಳೆ ದೊರೆ ಲಾರಿಗೆ ಹೋದ್ರೆ ತಳೀನೂ ಮುಗೀತು, ನನ್ನ ಮಾತೂ ಮುಗೀತು. ಇದರಪ್ಪ ಹೋದ ವರ್ಷವೇ ಸತ್ತೈತೆ. ಇನ್ನೊಂದಿಲ್ಲ.”

ನನಗೆ ಅವಳ ಮುಖ ನೋಡಲಾಗಲಿಲ್ಲ. ಒಳಗೆ ಬಂದು ಮೊರವನ್ನು ಮಾವನ ಕೈಯಿಂದ ಕಿತ್ತು ಕೆಳಗಿಟ್ಟೆ.

“ಮಾವ, ಅಪ್ಪನ ಡಬ್ಬಿ ಎಲ್ಲೈತೆ?”

“ಯಾವ ಡಬ್ಬಿ?”

“ಹಸಿರು ಪುಡೀದು. ಅಮ್ಮ ಕೊಟ್ಟದ್ದು.”

“ತುಕ್ಕು ಹಿಡ್ದೋಯ್ತು ಕಣಮ್ಮ. ಬಿಸಾಕ್ದೆ.”

“ಅಪ್ಪನ ಸಾಮಾನು ನೀನು ಬಿಸಾಕ್ತೀಯಾ? ಅವನ ಹರಿದ ಚಪ್ಪಲೀನ ಹೊಲಿಸಿ ಹಾಕ್ಕೊಂಡಿದೀಯ ಇನ್ನೂ.”

ಮಾವ ತನ್ನ ಕಾಲು ನೋಡಿಕೊಂಡ. ಆಮೇಲೆ ಗೋಡೆ ನೋಡಿದ. ಅವನ ಮುಖ ಮುದುಡಿತು. ಚಿಕ್ಕವಳಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ವೇದಾವತಿ ಹೊಳೆ ದಾಟಿಸಿದವನು ಇವನು. ಇವನನ್ನು ಕಟಕಟೆಯಲ್ಲಿ ನಿಲ್ಲಿಸುವ ದಿನ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ.  ಆದರೂ ಬಿಡಲಿಲ್ಲ.

“ಅದು ರಕ್ತ ಅಲ್ಲ ಅಂತ ನಿಂಗೆ ಗೊತ್ತು. ಕುರಿ ಎಲೆಅಡಿಕೆ ಉಗುಳೈತೆ. ಅಲ್ವಾ ಮಾವ?”

ಅವನು ಅಲ್ಲೇ ಹೊಟ್ಟಿನ ರಾಶಿಯ ಮೇಲೆ ಕೂತುಬಿಟ್ಟ.

“ಹಾಕಿದ್ದು ನಾನೇ ಕಣಮ್ಮ.”

“ಯಾವಾಗ?”

“ಹೋದ ವಾರ, ಮಂಗಳವಾರ ಸಾಯಂಕಾಲ. ಕಡೇ ಪರೀಕ್ಷೆ ಐತೆ ಅಂದ್ರು. ಒಂದು ಸಲ ಹಾಕ್ಬುಟ್ರೆ ಯಾವ ತೊಂದ್ರೆನೂ ಬರಾಕಿಲ್ಲ, ಗೆದ್ದು ಹೋಗ್ಲಿ ಅಂತ. ನಿಮ್ಮಪ್ಪನ ಕೈ ಮಂದು, ಒಳ್ಳೇದೇ ಆಯ್ತದೆ ಅಂದ್ಕೊಂಡೆ.”

“ಚೌಡಣ್ಣ ಏನು ಕೊಡ್ತೀನಿ ಅಂದ?”

ಮಾವ ತಲೆಯೆತ್ತಿದ. ಇಷ್ಟು ಹೊತ್ತಿನಲ್ಲಿ ಮೊದಲ ಸಲ ಅವನ ಕಣ್ಣಲ್ಲಿ ಸಿಟ್ಟು ಕಂಡಿತು.

“ಚೌಡಣ್ಣನಾ? ಅವನ ಟಗರಿಗೆ ನಾನ್ಯಾಕೆ ಹಾಕ್ಲಿ? ನಾನು ಹಾಕಿದ್ದು ಬೀರಕ್ಕನ ದೊರೆಗೆ. ಎಷ್ಟು ಚೆನ್ನಾಗಿರೋ ಟಗರು ಕಣಮ್ಮ ಅದು. ಹನ್ನೆರಡು ಹಳ್ಳಿಗೆ ಹೋಗ್ಬೇಕು ಅಂತ ಆಸೆ.”

“ಸುಳ್ಳು. ಬೀರಕ್ಕನ ಟಗರು ಒಂಬತ್ತು. ಅದರಲ್ಲಿ ಮೂರು ಸಾವಿರ ಮೊಟ್ಟೆ ಐತೆ. ನಾನೇ ಎಣಿಸಿದೀನಿ.”

“ಒಂಬತ್ತೋ ಹತ್ತೋ ನಂಗೇನು ಗೊತ್ತು? ನಾನು ಮುಖ ನೋಡಿ ಹಾಕ್ದೆ.”

“ತೋರಿಸು. ಯಾವುದಕ್ಕೆ ಹಾಕ್ದೆ, ಕೈ ಇಟ್ಟು ತೋರಿಸು.”

ಅವನು ಎದ್ದ. ಮಂಡಿಗಳು ಲಟಕ್ಕೆಂದವು. ಒಂದು ಕ್ಷಣವೂ ಅನುಮಾನಿಸದೆ ಹೋಗಿ ಹದಿನೇಳನೇ ಬಿಲ್ಲೆಯ ಟಗರಿನ ನೆತ್ತಿಯ ಮೇಲೆ ಕೈ ಇಟ್ಟ.

“ಇದೇ ದೊರೆ. ಮೂಗಿನ ಮೇಲೆ ಈ ಮಡಿಕೆ ನೋಡು. ಇವರಪ್ಪನಿಗೂ ಇಂಗೇ ಇತ್ತು. ಆ ಸೊರಗಿರೋದು ಚೌಡಣ್ಣಂದು. ಅದರ ಕಣ್ಣು ನೋಡಿದ್ರೇನೆ ಗೊತ್ತಾಯ್ತದೆ, ಬರೀ ಕಳ್ಳಕಣ್ಣು.”

ಒಂದಾದ ಮೇಲೊಂದು ಎಲ್ಲ ಬಿಡಿಸಿಕೊಂಡಿತು. ಕೆಂಪು ಕಣ್ಣುರೆಪ್ಪೆ, ಬಿಳಿಚಿದ ಕಣ್ಣುರೆಪ್ಪೆ, ಸೊನ್ನೆ, ಮೂರು ಸಾವಿರ. ಟಗರುಗಳು ಹೇಗಿದ್ದವೋ ಹಾಗೇ ಇದ್ದವು. ಅದಲುಬದಲಾದದ್ದು ಬಿಲ್ಲೆ.

ಇಡೀ ದೊಡ್ಡಿಯಲ್ಲಿ ಅದು ಯಾರಿಗೂ ತಿಳಿಯದೇ ಹೋದದ್ದರಲ್ಲಿ ಅಚ್ಚರಿಯಿಲ್ಲ. ನಾವು ಆಫೀಸಿನವರು ಟಗರಿನ ಮುಖ ನೋಡುವುದಿಲ್ಲ, ಬಿಲ್ಲೆ ಓದುತ್ತೇವೆ. ಮಾವ ಬಿಲ್ಲೆ ಓದುವುದಿಲ್ಲ, ಮುಖ ನೋಡುತ್ತಾನೆ. ಬೀರಕ್ಕನಿಗೆ ಸಹಾಯ ಮಾಡಲು ಹೋಗಿ ಅವನು ಸೊನ್ನೆಯನ್ನು ಚೌಡಣ್ಣನ ಹೆಸರಿಗೆ ಬರೆಸಿದ್ದ. ಹಾಗೆ ಮಾಡದೇ ಇದ್ದಿದ್ದರೆ ಹದಿನೇಳಕ್ಕೆ ಇನ್ನೂರೇ ಬರುತ್ತಿತ್ತು, ನಾನು ಬಸ್ಸು ಹತ್ತುತ್ತಲೂ ಇರಲಿಲ್ಲ.

“ಮಾವ, ಈ ಕಿವಿಯಾಗೆ ನೊಣ ಯಾವಾಗಿಂದ ಕೂರ್ತಿತ್ತು?”

“ನಾನು ಕುಂದುರ್ಪಿಯಿಂದ ಬಂದಾಗಿಂದ. ಹೋದ ವಾರ ಸೋಮವಾರ ಹೋಗಿದ್ನಲ್ಲ, ತಂಗಿ ಮಗಳ ಸೀಮಂತಕ್ಕೆ. ಮಾರನೇ ದಿನ ಬಂದು ನೋಡ್ತೀನಿ, ಕಿವಿಯಾಗೆ ಕೀವು. ಓಲೆ ಹಾಕಿ ಮೂರು ತಿಂಗಳಾಗೈತೆ, ಇನ್ನೂ ಯಾಕಪ್ಪ ಕೀವು ಅಂತ ಎಣ್ಣೆ ಹಚ್ದೆ.”

“ಅವತ್ತು ದೊಡ್ಡಿ ಕಾಯ್ತಿದ್ದೋರು ಯಾರು?”

ಅವನು ಉತ್ತರ ಹೇಳುವ ಮೊದಲೇ ನಾನು ಬೇವಿನೆಣ್ಣೆಯನ್ನು ಸೆರಗಿನಿಂದ ಒರೆಸಿ, ಕಿವಿಯನ್ನು ಬಿಸಿಲಿಗೆ ಹಿಡಿದೆ. ಒಂದು ಹಳೆಯ ತೂತು, ಅಂಚು ಗಟ್ಟಿಯಾಗಿ ಮಾಗಿತ್ತು. ಅದರ ಪಕ್ಕದಲ್ಲೇ ಹೊಸ ತೂತು, ಕಂದು ಹಕ್ಕಳೆ. ಹೊಸ ತೂತಿನಲ್ಲಿ ಹಿತ್ತಾಳೆ ಬಿಲ್ಲೆ.

ಸಂಘದ ಬಿಲ್ಲೆಗಳೆಲ್ಲ ಹೈದರಾಬಾದಿನಿಂದ ಅಂಕಿ ಒತ್ತಿಸಿಕೊಂಡು ಬಂದವು. ಕಿವಿಯಲ್ಲಿ ಒಮ್ಮೆ ಮಡಿಚಿದರೆ ಮತ್ತೆ ಬಿಚ್ಚಲಾಗುವುದಿಲ್ಲ, ಕತ್ತರಿಸಿ ಎಸೆಯಬೇಕು. ಅದಲುಬದಲು ಮಾಡಬೇಕಿದ್ದರೆ ಖಾಲಿ ಬಿಲ್ಲೆಯ ಮೇಲೆ ಹೊಸದಾಗಿ ಅಂಕಿ ಹೊಡೆಯಬೇಕು. ಅದಕ್ಕೆ ಅಚ್ಚು ಬೇಕು.

ಉಗುರಿನಿಂದ ಅಂಕಿಯ ಮೇಲಿನ ಕೊಳೆ ಕೆರೆದೆ. ಒಂದರ ಅಂಕಿ ನೆಟ್ಟಗಿತ್ತು.

ಏಳರ ಮೂಗು ಮೊಂಡಾಗಿತ್ತು.

 ಬ್ರಹ್ಮಸಮುದ್ರದ ಆ ಕಂಬಳಿ, ಆ ಸಂಜೆ, ಸುತ್ತಿಗೆಯ ಆ ಠಣ್ ಠಣ್ ಎಲ್ಲ ಕಿವಿಗೆ ಬಂತು. ಅಪ್ಪನ ಕೈಯಲ್ಲಿ ಅದೆಷ್ಟು ನೆಮ್ಮದಿಯ ಸದ್ದಾಗಿತ್ತು. ಅವನ ಡಬ್ಬಿ, ಅವನ ಅಚ್ಚು, ಎರಡೂ ಸೇರಿ ಒಬ್ಬ ಬಡ ಹೆಂಗಸಿನ ತಳಿಯನ್ನೇ ಅಳಿಸಲು ನಿಂತಿದ್ದವು. ನನಗೆ ಅಳು ಬಂತು. ಅತ್ತೆ.

“ಯಾಕಮ್ಮ? ನಾನು ಶನಿವಾರ ಸಂಘದ ಮುಂದೆ ಒಪ್ಕೋತೀನಿ. ಕೆಲಸ ಹೋದ್ರೆ ಹೋಗ್ಲಿ. ಅಳಬ್ಯಾಡ,” ಅಂದ ಮಾವ.

“ಅವತ್ತು ಕಾಯ್ತಿದ್ದೋರು ಯಾರು ಅಂದೆ ಮಾವ.”

“ಡಾಕ್ಟ್ರೇ. ‘ಹೋಗಿ ಬಾ ಮರುಳಪ್ಪ, ಒಂದು ದಿನ ನಾನೇ ನೋಡ್ಕೋತೀನಿ’ ಅಂದ್ರು. ದೇವರಂಥ ಮನುಷ್ಯ.”

ಹೊರಗೆ ಜೀಪಿನ ಸದ್ದು. ಅದರ ಹಿಂದೆ ಇನ್ನೊಂದು, ಭಾರದ ಇಂಜಿನು. ಗೇಟು ತೆರೆಯಿತು. ಡಾಕ್ಟರ್ ತಿಪ್ಪೇರುದ್ರಪ್ಪನವರು ಕನ್ನಡಕ ಒರೆಸಿಕೊಳ್ಳುತ್ತ ಒಳಗೆ ಬಂದರು. ಅವರ ಹಿಂದೆ ಲಾರಿಯ ಹಲಗೆ ಇಳಿಸುವುದು ಕಾಣುತ್ತಿತ್ತು.

“ನೀನೂ ಬಂದಿದೀಯಾ ಗಂಗಾದೇವಿ? ಒಳ್ಳೇದಾಯ್ತು. ಲಾರಿಯವರು ಇವತ್ತೇ ಬರ್ತೀವಿ ಅಂದ್ರು. ಮರುಳಪ್ಪ, ಮೊದಲು ಒಂಬತ್ತನ್ನ ಹತ್ತಿಸು.”

ಒಂಬತ್ತು ಹೋದರೆ ಅದರ ಕಿವಿಯೂ ಹೋಗುತ್ತದೆ. ಹದಿನೇಳರ ಬಿಲ್ಲೆ ಕಳೆದುಹೋಗಿ ಬೇರೆ ಹಾಕಿದ್ದು ಅಂದುಬಿಟ್ಟರೆ ಆಯಿತು. ಆಮೇಲೆ ಹದಿನೇಳೇ ದೊರೆ ಅಂತ ಹೇಳಲು ಉಳಿಯುವುದು ಕದ್ದು ಮದ್ದು ಹಾಕಿದ ಒಬ್ಬ ಮುದುಕನ ಮಾತು ಮತ್ತು ಟಗರಿನ ಒಡತಿಯ ಮಾತು. ಎರಡನ್ನೂ ಯಾರೂ ನಂಬುವುದಿಲ್ಲ.

ಮಾವ ನನ್ನ ಮುಖ ನೋಡಿದ. ನಾನು ಬೇಡವೆಂದು ತಲೆಯಾಡಿಸಿದೆ.

ಒಂಬತ್ತು ಅನ್ನುವ ಮಾತು ಗೇಟಿನ ಆಚೆ ಬೀರಕ್ಕನ ಕಿವಿಗೆ ಬಿದ್ದಿರಬೇಕು. ಅವಳು ಒಳಗೆ ಬರಲಿಲ್ಲ. ಆಗಲೂ ಕಟ್ಟಳೆ ಮುರಿಯಲಿಲ್ಲ. ಅರೆ ತೆರೆದ ಗೇಟಿನ ತಗಡಿಗೆ ಎರಡು ಅಂಗೈ ಒತ್ತಿಕೊಂಡು ನಿಂತ ಸದ್ದು ಕೇಳಿಸಿತು. ಆಮೇಲೆ ಅವಳ ಒಡೆದ ದನಿ.

“ದೊರೆ. ಬಾರೋ ದೊರೆ. ಒಂದು ಸಲ ಕೂಗೋ ನನ್ನಪ್ಪ.”

ಗದ್ದ ಜೋತುಬಿದ್ದ ಒಂಬತ್ತು ತಲೆಯೆತ್ತಲಿಲ್ಲ. ಹೊಟ್ಟು ಮೇಯುತ್ತಲೇ ಇತ್ತು.

ನನ್ನ ಕೈಯಲ್ಲಿದ್ದ ಕಿವಿ ನೆಟ್ಟಗಾಯಿತು. ಹದಿನೇಳನೇ ಬಿಲ್ಲೆಯ ಟಗರು ಕತ್ತು ಕೊಸರಿಕೊಂಡು, ಗೇಟಿನ ಕಡೆ ಮುಖ ಮಾಡಿ, ದೊಡ್ಡಿಯೆಲ್ಲ ಕೇಳುವ ಹಾಗೆ ಕೂಗಿತು. ಆಚೆಯಿಂದ ಬೀರಕ್ಕ ಮತ್ತೆ ಕರೆದಳು. ಇದು ಮತ್ತೆ ಕೂಗಿತು.

ಡಾಕ್ಟರು ಅದನ್ನು ಕೇಳಿದರು. ಕನ್ನಡಕ ಒರೆಸುತ್ತಿದ್ದ ಕೈ ನಿಂತಿತು. ಟಗರನ್ನು ನೋಡಿದರು, ಬೇವಿನೆಣ್ಣೆ ಹತ್ತಿದ ನನ್ನ ಸೆರಗನ್ನು ನೋಡಿದರು. ಆಮೇಲೆ ಹಿಂದೆ ತಿರುಗಿ ಗೇಟು ಮುಚ್ಚಿ ಚಿಲಕ ಒಳಗಿನಿಂದ ಹಾಕಿದರು. ಮುಖದಲ್ಲಿ ಕೋಪವಿರಲಿಲ್ಲ. ತಿಥಿಯ ದಿನ ಜಗುಲಿಯ ಮೇಲೆ ಅತ್ತಾಗ ಹೇಗಿತ್ತೋ ಹಾಗೇ ಇತ್ತು.

“ಆ ಅಚ್ಚಿನ ಪೆಟ್ಟಿಗೆ ಈಗ ನನ್ನ ಹತ್ರ ಇಲ್ಲ ಗಂಗಾದೇವಿ,” ಅಂದರು ಮೆಲ್ಲಗೆ.

ನಾನು ಪೆಟ್ಟಿಗೆಯ ಮಾತೇ ಎತ್ತಿರಲಿಲ್ಲ.